ಮಂಗಳೂರಿಗೆ ಸ್ವಂತ ಸ್ಟಾಕ್ ಎಕ್ಸ್‌ಚೇಂಜ್ ಇತ್ತಂತೆ, ಅದು ಎಲ್ಲಿಗೆ ಹೋಯ್ತು?

ಬದಿಯಡ್ಕ_ಬೈಲು

ನಮಸ್ಕಾರ ಎಲ್ರಿಗೂ. ಅಪ್ಪನ ಹಳೇ ಕಾಗದದ ಕಟ್ಟು ಬಿಚ್ಚಿ ನೋಡುವಾಗ ಶೇರಿಗೆ ಅರ್ಜಿ ಹಾಕುವ ಒಂದು ಫಾರಂ ಸಿಕ್ಕಿತು. 90ರ ಆಸುಪಾಸಿನದ್ದು ಇರ್ಬೇಕು. ಕಂಪೆನಿ ಹೆಸರು ಬೇಡ, ಅದು ಈಗ ಇಲ್ಲವೂ ಇಲ್ಲ. ಆದ್ರೆ ಅದ್ರಲ್ಲಿ ಸಣ್ಣ ಅಕ್ಷರದಲ್ಲಿ ಈ ಶೇರುಗಳನ್ನು ಬಾಂಬೆ, ಮದ್ರಾಸ್, ಬೆಂಗಳೂರು, ಮಂಗಳೂರು, ಕೊಚ್ಚಿನ್ ಸ್ಟಾಕ್ ಎಕ್ಸ್‌ಚೇಂಜುಗಳಲ್ಲಿ ಲಿಸ್ಟ್ ಮಾಡ್ತೇವೆ, ಅಂದ್ರೆ ಅಲ್ಲಿ ವ್ಯಾಪಾರಕ್ಕೆ ಇಡ್ತೇವೆ, ಅಂತ ಬರ್ದದ್ದು ಉಂಟು.

ನಾನು ಮೊಬೈಲಲ್ಲಿ ಶೇರು ತಗೊಳ್ಳುವವ, ನನಗೆ ಗೊತ್ತಿರುದು ಮುಂಬೈಯ ದೊಡ್ಡ ಎಕ್ಸ್‌ಚೇಂಜುಗಳಾದ ಎನ್‌ಎಸ್‌ಇ, ಬಿಎಸ್‌ಇ ಎರಡೇ. ಮಂಗಳೂರಿಗೆ ಅಂತ ಬೇರೆಯೇ ಒಂದು ಇತ್ತಾ? ಇದ್ರೆ ಯಾಕೆ ಇತ್ತು, ಬಾಂಬೆಯಲ್ಲಿ ಇರುವಾಗ ಇಲ್ಲಿ ಇನ್ನೊಂದು ಯಾಕೆ ಬೇಕಿತ್ತು, ಒಂದೇ ಶೇರಿಗೆ ಅಲ್ಲಿ ಒಂದು ರೇಟು ಇಲ್ಲಿ ಒಂದು ರೇಟು ಇರ್ತಿತ್ತಾ, ಆಮೇಲೆ ಯಾರು ಮುಚ್ಚಿದ್ದು? ಮತ್ತೆ ನಾವು ಕಾಸ್ರೋಡಿನವರು ಲೆಕ್ಕ ಪ್ರಕಾರ ಕೊಚ್ಚಿಗೆ ಹೋಗ್ಬೇಕಿತ್ತಾ ಅಥವಾ ಮಂಗಳೂರಿಗೆ ಹೋದ್ರೆ ಆಗ್ತಿತ್ತಾ? ಅಪ್ಪನತ್ರ ಕೇಳಿದ್ರೆ ಅವ್ರು "ಆಗ ಎಲ್ಲ ಹಾಗೆಯೇ ಇದ್ದದ್ದು" ಅಂತ ಹೇಳಿ ಪೇಪರ್ ಓದ್ಲಿಕ್ಕೆ ಕೂತ್ರು.

ಹಳೇ_ಸೌದಾ

ಇತ್ತು ಮಾರಾಯ್ರೆ, ಖಂಡಿತ ಇತ್ತು. ಕೊಡಿಯಾಲ್‌ಬೈಲಲ್ಲಿ ರಾಮಭವನ ಕಾಂಪ್ಲೆಕ್ಸಲ್ಲಿ. 1984ರಲ್ಲಿ ಸುರುವಾದ್ದು. ನಾನು ಮಂಜೇಶ್ವರದವ, ಆಗ ಮಂಗಳೂರಲ್ಲಿ ಒಬ್ರು ಬ್ರೋಕರ್ ಹತ್ರ ಕೆಲಸಕ್ಕಿದ್ದೆ, ಬೆಳಿಗ್ಗೆ ಬಸ್ಸು ಹಿಡಿದು ಹೋಗುದು ರಾತ್ರಿ ಬರುದು.

ಕೊಚ್ಚಿಯ ವಿಷಯ ಮೊದ್ಲು ಹೇಳಿಬಿಡ್ತೇನೆ. ಕಂಪೆನಿಗಳಿಗೆ ಮಾತ್ರ ರೂಲ್ ಇದ್ದದ್ದು, ಕಂಪೆನಿಯ ರಿಜಿಸ್ಟರ್ಡ್ ಆಫೀಸು ಎಲ್ಲಿ ಉಂಟೋ ಆ ಕಡೆಯ ಎಕ್ಸ್‌ಚೇಂಜಲ್ಲಿ ಕಡ್ಡಾಯ ಲಿಸ್ಟ್ ಮಾಡ್ಬೇಕು ಅಂತ. ಅದ್ಕೇ ನಿಮ್ಮ ಫಾರಂನಲ್ಲಿ ಅಷ್ಟುದ್ದ ಪಟ್ಟಿ. ಶೇರು ತಗೊಳ್ಳುವ ಜನಕ್ಕೆ ಅಂಥ ರೂಲ್ ಎಂಥದೂ ಇಲ್ಲ. ಕೊಚ್ಚಿ ಎಕ್ಸ್‌ಚೇಂಜ್ 1978ರಲ್ಲೇ ಸುರುವಾಗಿತ್ತು, ನಮ್ಮ ರಾಜ್ಯದ್ದು ಅದೇ, ಆದ್ರೆ ಕುಂಬ್ಳೆ, ಉಪ್ಪಳ, ಪೆರ್ಲದ ಜನ ಆಸ್ಪತ್ರೆಗೆ, ಕಾಲೇಜಿಗೆ, ಬಟ್ಟೆಗೆ ಎಲ್ಲದಕ್ಕೂ ಮಂಗಳೂರಿಗೆ ಹೋಗುವವರು, ಶೇರಿಗೆ ಮಾತ್ರ ರಾತ್ರಿ ರೈಲು ಹತ್ತಿ ಎರ್ನಾಕುಳಂಗೆ ಯಾರು ಹೋಗ್ತಾರೆ? 1956ರಲ್ಲಿ ಗಡಿ ಗೆರೆ ಎಳೆದ್ರು, ದುಡ್ಡು ಆ ಗೆರೆ ನೋಡಿ ನಡೆಯುದಿಲ್ಲ.

ಇನ್ನು ಯಾಕೆ ಇಷ್ಟೊಂದು ಎಕ್ಸ್‌ಚೇಂಜ್ ಅಂತ. ನೀವು ಬದಿಯಡ್ಕದವರಲ್ವಾ, ಅಡಿಕೆ ಗೊತ್ತುಂಟಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ಪುತ್ತೂರಿಗೆ ಒಂದು ರೇಟು, ಮಂಗಳೂರು ಬಂದರಿಗೆ ಒಂದು, ಕಾಸ್ರೋಡಿಗೆ ಇನ್ನೊಂದು ಇದ್ದದ್ದು ಯಾಕೆ? ಸುದ್ದಿ ಹೋಗ್ಲಿಕ್ಕೆ ಹೊತ್ತು ಬೇಕು, ಮಾಲು ಹೋಗ್ಲಿಕ್ಕೆ ಇನ್ನೂ ಹೊತ್ತು ಬೇಕು, ಕೊಡುವವ ತಗೊಳ್ಳುವವ ಒಬ್ರಿಗೊಬ್ರು ಪರಿಚಯ ಇರ್ಬೇಕು. ಶೇರೂ ಹಾಗೆಯೇ, ಯಾಕೆಂದ್ರೆ ಶೇರು ಅಂದ್ರೆ ಆಗ ಕಾಗದ. ನೀವು 100 ಶೇರು ಮಾರಿದ್ರೆ ಸರ್ಟಿಫಿಕೇಟು, ಅದ್ರ ಜೊತೆ ಸೈನ್ ಹಾಕಿದ ಟ್ರಾನ್ಸ್‌ಫರ್ ಡೀಡು, ಅದಕ್ಕೆ ಸ್ಟಾಂಪು, ಎಲ್ಲ ಕಟ್ಟಿ ಕೊಡ್ಬೇಕು, ತಗೊಂಡವ ಅದನ್ನು ಕಂಪೆನಿಗೆ ಪೋಸ್ಟಲ್ಲಿ ಕಳಿಸ್ಬೇಕು, ಅವ್ರು ರಿಜಿಸ್ಟರಲ್ಲಿ ಹೆಸರು ಬದ್ಲಿ ಮಾಡಿ ವಾಪಾಸು ಕಳಿಸ್ಬೇಕು, ತಿಂಗಳುಗಟ್ಲೆ ಆಗ್ತಿತ್ತು, ಕೆಲವು ಸಲ ನಿಮ್ಮ ಸೈನು ಹತ್ತು ವರ್ಷ ಹಿಂದಿನ ಸೈನಿಗೆ ತಾಳೆ ಆಗುದಿಲ್ಲ ಅಂತ ಇಡೀ ಕಟ್ಟೇ ವಾಪಾಸು ಬರ್ತಿತ್ತು. ಬ್ಯಾಡ್ ಡೆಲಿವರಿ ಅಂತ ಅದಕ್ಕೆ. ನನ್ನ ಅರ್ಧ ಆಯುಸ್ಸು ಅದ್ರಲ್ಲೇ ಹೋಗಿದೆ.

ರೇಟು ಬೇರೆ ಇರ್ತಿತ್ತಾ ಅಂದ್ರೆ ಇರ್ತಿತ್ತು. ಬಾಂಬೆಗೆ ಟ್ರಂಕ್ ಕಾಲ್, ಆಮೇಲೆ ಎಸ್‌ಟಿಡಿ. ಅಲ್ಲಿ ಏನು ರೇಟು ಅಂತ ಮೊದ್ಲು ಯಾರಿಗೆ ಗೊತ್ತಾಗ್ತದೋ ಅವ ಇಲ್ಲಿ ರಿಂಗಲ್ಲಿ ತಗೊಂಡು ಅಲ್ಲಿ ಮಾರಿ ಅಥವಾ ಅಲ್ಲಿ ತಗೊಂಡು ಇಲ್ಲಿ ಮಾರಿ ನಡುವಿನ ಒಂದು ರೂಪಾಯಿ ಎರಡು ರೂಪಾಯಿ ಕಿಸೆಗೆ ಹಾಕ್ತಿದ್ದ. ರಿಂಗ್ ಅಂದ್ರೆ ಎಲ್ಲ ನಿಂತು ಕೂಗುವ ಜಾಗ, ಅವ ಕೂಗಿದ್ದು ಇವನಿಗೆ ಕೇಳಿದ್ರೆ ಸೌದಾ ಆಯ್ತು, ಇಬ್ರೂ ಸಣ್ಣ ಪುಸ್ತಕದಲ್ಲಿ ಬರ್ಕೊಳ್ಳುದು, ಸಾಯಂಕಾಲ ತಾಳೆ ನೋಡುದು. ತಾಳೆ ಆಗದಿದ್ರೆ ಜಗಳ.

ಸಾಮಾನ್ಯ ಗಿರಾಕಿಗೆ ಮಾತ್ರ ತನ್ನ ಶೇರು ಇವತ್ತು ನಿಜವಾಗಿ ಎಷ್ಟಕ್ಕೆ ಹೋಯ್ತು ಅಂತ ಗೊತ್ತಾಗುವ ದಾರಿಯೇ ಇರ್ಲಿಲ್ಲ. ನಾವು ಹೇಳಿದ್ದೇ ರೇಟು.

ಸೋಲಾಪುರ_ಸಿದ್ದು

ಗಡಿ ಆಚಿ ಕಾಸರಗೋಡದವ್ರು ಮಾತಾಡಾಕತ್ತೀರಿ, ಈ ಕಡಿ ಗಡಿಯಾಗಿರೋ ಸೋಲಾಪುರದಾಂವ ನಾನೂ ಒಂದಿಷ್ಟು ಹೇಳ್ತೀನಿ. ಮುಂಬೈದ ಸುದ್ದಿ ಇಲ್ಲದ ಈ ಕತಿ ಪೂರಾ ಆಗಂಗಿಲ್ಲ ನೋಡ್ರಿ.

1850ರ ಸುಮಾರಿಗೆ ಮುಂಬೈ ಟೌನ್ ಹಾಲ್ ಮುಂದ, ಈಗ ಹಾರ್ನಿಮನ್ ಸರ್ಕಲ್ ಅಂತಾರಲ್ಲ ಅಲ್ಲಿ, ಆಲದ ಮರದ ಕೆಳಗ ನಿಂತು ನಾಲ್ಕೈದು ಮಂದಿ ದಲಾಲರು ಶೇರು ಮಾರ್ತಿದ್ರು. ಅಷ್ಟs ಇತ್ತು. ಆಮ್ಯಾಲ 1861ರಾಗ ಅಮೇರಿಕಾದಾಗ ಅಂತರ್ಯುದ್ಧ ಹತ್ತಿತು, ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗೋದು ನಿಂತಿತು, ಮ್ಯಾಂಚೆಸ್ಟರ್ ಮಿಲ್‌ಗಳು ನಮ್ಮ ಹತ್ತಿ ಕೇಳಾಕ ಹತ್ತಿದ್ವು, ಮುಂಬೈಯಾಗ ರೊಕ್ಕದ ಹೊಳಿ ಹರೀತು. ಅಷ್ಟು ರೊಕ್ಕ ಇಡಾಕ ಜಾಗ ಬೇಕಲ್ರಿ, ದಿನಾ ಹೊಸಾ ಬ್ಯಾಂಕು, ಹೊಸಾ ಕಂಪನಿ, ಸಮುದ್ರ ತುಂಬಿಸಿ ಜಮೀನು ಮಾಡೋ ಬ್ಯಾಕ್ ಬೇ ಕಂಪನಿ. ಪ್ರೇಮಚಂದ ರಾಯಚಂದ ಅಂತ ಒಬ್ಬಾಂವ ಇದ್ದ, ಅವ ಹೂಂ ಅಂದ್ರ ಶೇರು ಏರ್ತಿತ್ತು. ಇಡೀ ಪ್ಯಾಟಿ ಮುಂದಿನ ತಾರೀಖಿನ ಮಾತಿನ ಮ್ಯಾಲ ನಡದಿತ್ತು, ಇವತ್ತು ರೊಕ್ಕ ಕೊಡೋದಿಲ್ಲ, ಇಂಥಾ ದಿನ ಕೊಡ್ತೀನಿ ಅನ್ನೋದು.

1865ರ ಏಪ್ರಿಲ್‌ದಾಗ ಯುದ್ಧ ಮುಗೀತು. ಹತ್ತಿ ರೇಟು ಬಿತ್ತು. ಜುಲೈ 1ಕ್ಕ ಆ ಮಾತಿನ ಸೌದಾಗಳ ಲೆಕ್ಕ ಚುಕ್ತಾ ಆಗಬೇಕಿತ್ತು, ಯಾರ ಕಡೆನೂ ರೊಕ್ಕ ಇಲ್ಲ. 2,850 ರೂಪಾಯಿ ಮುಟ್ಟಿದ ಬ್ಯಾಂಕ್ ಆಫ್ ಬಾಂಬೆ ಶೇರು 87ಕ್ಕ ಬಂದಿತು. ರಾಯಚಂದನೂ ದಿವಾಳಿ ಎದ್ದ. ಆದ್ರ ಅವ ಅವ್ವನ ಹೆಸರಿನ್ಯಾಗ ರೊಕ್ಕಾ ಕೊಟ್ಟು ಕಟ್ಟಿಸಿದ ರಾಜಾಬಾಯಿ ಟವರ್ ಇನ್ನೂ ಮುಂಬೈ ಯುನಿವರ್ಸಿಟಿಯಾಗ ಗಂಟಿ ಹೊಡೀತೈತಿ.

ಇಷ್ಟು ಹೊಡ್ತ ತಿಂದ ಮ್ಯಾಲ ದಲಾಲರಿಗೆ ಒಂದು ಸಂಘ ಬೇಕನಸ್ತು. 1875ರ ಜುಲೈದಾಗ 318 ಮಂದಿ ಒಂದೊಂದು ರೂಪಾಯಿ ಫೀ ಕೊಟ್ಟು ನೇಟಿವ್ ಶೇರ್ ಅಂಡ್ ಸ್ಟಾಕ್ ಬ್ರೋಕರ್ಸ್ ಅಸೋಸಿಯೇಷನ್ ಮಾಡಿದ್ರು. ಅದs ಈಗಿನ ಬಿಎಸ್‌ಇ. ಅವ್ರು ಕೂಡ್ತಿದ್ದ ಓಣಿಗೆ ದಲಾಲ್ ಸ್ಟ್ರೀಟ್ ಅಂತ ಹೆಸರಾತು. ಅಹಮದಾಬಾದಕ್ಕ 1894ರಾಗ ಬಂತು, ಅಲ್ಲಿ ಬಟ್ಟಿ ಮಿಲ್ ಇದ್ವು. ಕಲ್ಕತ್ತಾಕ್ಕ 1908, ಅಲ್ಲಿ ಸೆಣಬು, ಕಲ್ಲಿದ್ದಲು, ಚಹಾ. ಮದ್ರಾಸಿನವ್ರು 1920ರಾಗ ಶುರು ಮಾಡಿ ಮೂರು ವರ್ಷಕ್ಕ ಬಾಗ್ಲಾ ಹಾಕಿ 1937ರಾಗ ಮತ್ತ ತಗದ್ರು. ಅಂದ್ರ ಎಲ್ಲಿ ಮಿಲ್ ಐತಿ, ಎಲ್ಲಿ ರೊಕ್ಕ ಐತಿ, ಅಲ್ಲಿ ಎಕ್ಸ್‌ಚೇಂಜ್. ಸರಕಾರ ಹೇಳಿ ಮಾಡಿಸಿದ್ದಲ್ಲ.

ನಮ್ಮ ಸೋಲಾಪುರಕ್ಕ ಮಿಲ್ ಇತ್ತು, ಎಕ್ಸ್‌ಚೇಂಜ್ ಬರ್ಲಿಲ್ಲ. 1877ರ ಹಳೇ ಮಿಲ್ಲಿನ ಆಟಾ ಎಲ್ಲಾ ಮುಂಬೈಯಾಗ ನಡೀತಿತ್ತು. ಆದ್ರ ಒಂದ್ ಮಾತ್ ಹೇಳ್ಲೇಬೇಕು, 1949ರಾಗ ಆ ಮಿಲ್ ಮುಚ್ಚಿದಾಗ ಸರಕಾರ 1950ರಾಗ ಕಾಯ್ದೆ ಮಾಡಿ ತನ್ನ ತಾಬಾಕ್ಕ ತಗೊಂತು, ಆಗ ಒಬ್ಬ ಶೇರುದಾರ ನನ್ನ ಹಕ್ಕು ಹೋತು ಅಂತ ಸುಪ್ರೀಂ ಕೋರ್ಟಿಗೇ ಹೋದ. ಚಿರಂಜಿತ್ ಲಾಲ್ ಚೌಧರಿ ಕೇಸು. ಸಂವಿಧಾನ ಬಂದ ವರ್ಷನs ಆದದ್ದು, ಅವ ಸೋತ, ಆದ್ರ ಕಾನೂನು ಓದೋ ಹುಡುಗ್ರು ಇವತ್ತಿಗೂ ಆ ಕೇಸ್ ಓದ್ತಾರ. ಸೋಲಾಪುರದ ಚಾದರ ಅಷ್ಟs ಗೊತ್ತಿದ್ದವ್ರಿಗೆ ಇದೂ ಗೊತ್ತಿರಲಿ.

ಬದಿಯಡ್ಕ_ಬೈಲು

ಅಬ್ಬಬ್ಬಾ, ಇಷ್ಟು ಬರ್ತದೆ ಅಂತ ಗೊತ್ತಿರ್ಲಿಲ್ಲ, ತುಂಬಾ ಥ್ಯಾಂಕ್ಸ್ ಇಬ್ರಿಗೂ. ಸಿದ್ದು ಅಣ್ಣ, ಆಲದ ಮರದ್ದು ಕೇಳಿದ್ದೆ, ಹತ್ತಿಯದ್ದು ಗೊತ್ತಿರ್ಲಿಲ್ಲ. ಆದ್ರೆ ಮುಚ್ಚಿದ್ದು ಯಾರು ಅಂತ ಇನ್ನೂ ಬರ್ಲಿಲ್ಲ. ಶೇರು ಮಾರ್ಕೆಟ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಬಿಯವರು ಬಂದ್ ಮಾಡಿದ್ದು ಅಂತ ಒಂದು ಕಡೆ ಓದಿದೆ. ಸಣ್ಣವರನ್ನು ಕೊಂದು ಬಾಂಬೆಯವರಿಗೆ ಕೊಟ್ಟದ್ದಾ?

ಉಪ್ಪಳದ_ಉಪ್ಪು

ಅಷ್ಟೇ ಮತ್ತೆ. ಊರಲ್ಲಿ ಹುಟ್ಟಿದ್ದು ಯಾವುದು ಊರಲ್ಲಿ ಉಳಿದದ್ದುಂಟು? ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಹೆಸರು ಹೇಳಿ ನೋಡುವ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಒಂದಾದ್ರೂ ಬೋರ್ಡಲ್ಲಿ ಉಂಟಾ ಈಗ?

ನೀರ್ಚಾಲು_ಲೆಕ್ಕ

ಉಪ್ಪಳದವ್ರೆ, ಅದು ಬೇರೆ ಕತೆ, ಬ್ಯಾಂಕನ್ನು ಇದಕ್ಕೆ ಸೇರಿಸ್ಬೇಡಿ. ಕರ್ನಾಟಕ ಬ್ಯಾಂಕ್ 1924ರಿಂದ ಮಂಗಳೂರಲ್ಲೇ ಉಂಟು, ಕೆನರಾ ಬ್ಯಾಂಕಿನ ಹೆಸರೂ ಉಳಿದಿದೆ.

ಸೆಬಿ ಕೊಂದದ್ದು ಅನ್ನುದನ್ನು ನಾನು ಒಪ್ಪುದಿಲ್ಲ. ಸೆಬಿ ಬರೆದದ್ದು ಮರಣ ಪತ್ರ ಮಾತ್ರ, ಜೀವ ಹೋದದ್ದು ಅದಕ್ಕಿಂತ ಎಷ್ಟೋ ಮೊದ್ಲು. ಸ್ವಲ್ಪ ಉದ್ದ ಆಗ್ತದೆ, ಓದುವವರು ಓದಿ.

ಸ್ವಾತಂತ್ರ್ಯ ಬಂದ ಮೇಲೆ ಎರಡು ಕಾನೂನು ಮುಖ್ಯ. ಒಂದು 1947ರ ಕ್ಯಾಪಿಟಲ್ ಇಶ್ಯೂಸ್ ಕಂಟ್ರೋಲ್ ಕಾಯ್ದೆ. ಯಾವ ಕಂಪೆನಿ ಎಷ್ಟು ಶೇರು ಎಷ್ಟಕ್ಕೆ ಕೊಡ್ಬೇಕು ಅಂತ ದೆಹಲಿಯಲ್ಲಿ ಕೂತ ಒಬ್ಬ ಕಂಟ್ರೋಲರ್ ಹೇಳ್ತಿದ್ದ. ಇನ್ನೊಂದು 1956ರ ಸೆಕ್ಯುರಿಟೀಸ್ ಕಾಂಟ್ರಾಕ್ಟ್ಸ್ ಕಾಯ್ದೆ, ಅದ್ರ ಪ್ರಕಾರ ಸರ್ಕಾರ ಒಪ್ಪಿದ ಎಕ್ಸ್‌ಚೇಂಜಲ್ಲಿ ಮಾತ್ರ ವ್ಯಾಪಾರ. ಬಾಂಬೆಗೆ ಮೊದ್ಲು ಮಾನ್ಯತೆ ಸಿಕ್ಕಿತು 1957ರಲ್ಲಿ, ಬೆಂಗಳೂರಿಗೆ 1963ರಲ್ಲಿ. ಆಮೇಲೆ ಬಹಳ ವರ್ಷ ಹೊಸ ಎಕ್ಸ್‌ಚೇಂಜೇ ಇಲ್ಲ.

ಬದ್ಲಾದ್ದು 70ರ ದಶಕದ ಕೊನೆಗೆ. 1973ರ ಫೆರಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆಯಿಂದಾಗಿ ವಿದೇಶಿ ಕಂಪೆನಿಗಳು ತಮ್ಮ ಪಾಲು ಇಳಿಸಿ ಇಲ್ಲಿಯ ಜನಕ್ಕೆ ಶೇರು ಮಾರ್ಬೇಕಾಯ್ತು, ಅದೂ ಕಂಟ್ರೋಲರ್ ಹೇಳಿದ ಕಡಿಮೆ ರೇಟಿಗೆ. 1977ರಲ್ಲಿ ರಿಲಯನ್ಸ್ ಜನಕ್ಕೆ ಶೇರು ಮಾರ್ಲಿಕ್ಕೆ ಬಂತು. ಮಾಸ್ಟ್ರುಗಳು, ಎಲ್‌ಐಸಿ ನೌಕರರು, ಅಡಿಕೆ ತೋಟದವರು ಶೇರು ಅಂದ್ರೆ ಜೂಜಲ್ಲ ಅಂತ ಮೊದ್ಲ ಸಲ ನಂಬಿದ್ದು ಆಗ. ಹಾಗೆ 80ರ ದಶಕದಲ್ಲಿ ಪುಣೆ, ಕಾನ್ಪುರ, ಲೂಧಿಯಾನ, ಗುವಾಹಟಿ, ಮಂಗಳೂರು, ಪಟ್ನಾ, ಜೈಪುರ, ಭುವನೇಶ್ವರ ಅಂತ ಒಂದರ ಹಿಂದೆ ಒಂದು ಬಂತು, ಕೊನೆಗೆ ದೇಶದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು. ಸರ್ಕಾರದ ಯೋಚನೆ ಏನಂದ್ರೆ ಊರಿನ ಉಳಿತಾಯ ಊರಿನ ಕೈಗಾರಿಕೆಗೆ ಹೋಗ್ಲಿ. ಒಳ್ಳೆ ಯೋಚನೆಯೇ. ಆದ್ರೆ ಆಗಿದ್ದು ಎಂಥ, ಎಲ್ಲಾ ಊರಿನ ರಿಂಗಲ್ಲೂ ಹೆಚ್ಚಾಗಿ ವ್ಯಾಪಾರ ಆಗ್ತಿದ್ದದ್ದು ಅದೇ ಬಾಂಬೆಯ ದೊಡ್ಡ ಶೇರುಗಳು. ಊರಿನ ಕಂಪೆನಿ ಹೆಸರಿಗೆ ಮಾತ್ರ ಲಿಸ್ಟ್.

ಆಮೇಲೆ 1992. ಅದೊಂದೇ ವರ್ಷದಲ್ಲಿ ಬ್ಯಾಂಕಿನ ದುಡ್ಡು ಶೇರಿಗೆ ಹಾಕಿದ ಬ್ರೋಕರ್ ಹರ್ಷದ್ ಮೆಹ್ತಾನ ಹಗರಣ ಹೊರಗೆ ಬಂತು, ಸೆಬಿಗೆ ಕಾನೂನಿನ ಬಲ ಬಂತು, 1988ರಿಂದ ಅದು ಹಲ್ಲಿಲ್ಲದೆ ಇತ್ತು, ಕಂಟ್ರೋಲರ್ ಆಫೀಸು ಮುಚ್ಚಿತು, ಮತ್ತೆ ನವೆಂಬರಲ್ಲಿ ಎನ್‌ಎಸ್‌ಇ ಕಂಪೆನಿಯಾಗಿ ರಿಜಿಸ್ಟರ್ ಆಯ್ತು. ಈ ನಾಲ್ಕನೆಯದ್ದನ್ನು ಆಗ ಯಾರೂ ದೊಡ್ಡದಾಗಿ ಲೆಕ್ಕಕ್ಕೇ ತಗೊಳ್ಳಲಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಅದೇ. ಯಾಕೆ ಅಂದ್ರೆ ಅದುವರೆಗೆ ಹೆಚ್ಚುಕಮ್ಮಿ ಎಲ್ಲಾ ಎಕ್ಸ್‌ಚೇಂಜುಗಳ ಧಣಿಗಳು ಬ್ರೋಕರುಗಳೇ, ನಡೆಸುವವರೂ ಅವರೇ, ತಪ್ಪು ಮಾಡಿದ್ರೆ ವಿಚಾರಿಸುವವರೂ ಅವರೇ. ಎನ್‌ಎಸ್‌ಇಯನ್ನು ಐಡಿಬಿಐ, ಎಲ್‌ಐಸಿ ಇಂಥ ಸಂಸ್ಥೆಗಳು ಸೇರಿ ಹುಟ್ಟುಹಾಕಿದ್ದು, ಬ್ರೋಕರ್ ಅಲ್ಲಿ ಬರೀ ಗಿರಾಕಿ. ಸರ್ಕಾರ ನೇಮಿಸಿದ ಫೆರ್ವಾನಿ ಸಮಿತಿ 1991ರಲ್ಲೇ ಅದನ್ನು ಹೇಳಿತ್ತು.

1994 ನವೆಂಬರ್ 3ಕ್ಕೆ ಎನ್‌ಎಸ್‌ಇಯಲ್ಲಿ ಶೇರು ವ್ಯಾಪಾರ ಸುರುವಾಯ್ತು, ರಿಂಗ್ ಇಲ್ಲ, ಕೂಗುದಿಲ್ಲ, ಕಂಪ್ಯೂಟರ್ ಸ್ಕ್ರೀನ್, ಊರೂರಿಗೆ ಉಪಗ್ರಹದ ಮೂಲಕ ಜೋಡಿಸುವ ವಿಸ್ಯಾಟ್ ಡಿಶ್. ಒಂದು ವರ್ಷದಲ್ಲಿ 120 ವರ್ಷದ ಬಿಎಸ್‌ಇಯನ್ನು ವ್ಯಾಪಾರದಲ್ಲಿ ಹಿಂದೆ ಹಾಕಿತು. ಬಿಎಸ್‌ಇ ಹೆದರಿ 1995 ಮಾರ್ಚಲ್ಲಿ ತನ್ನದೇ ಬೋಲ್ಟ್ ಅನ್ನುವ ಕಂಪ್ಯೂಟರ್ ಸಿಸ್ಟಮ್ ತಂದಿತು, ಆಮೇಲೆ ಅದಕ್ಕೂ ಬೇರೆ ಊರಲ್ಲಿ ಟರ್ಮಿನಲ್ ಇಡ್ಲಿಕ್ಕೆ ಪರ್ಮಿಶನ್ ಸಿಕ್ಕಿತು. 1996ರಲ್ಲಿ ಡಿಪಾಸಿಟರಿ ಕಾಯ್ದೆ, ಅದೇ ನವೆಂಬರಲ್ಲಿ ಶೇರನ್ನು ಕಂಪ್ಯೂಟರ್ ಖಾತೆಯಲ್ಲಿ ಇಡುವ ಎನ್‌ಎಸ್‌ಡಿಎಲ್, ಕಾಗದವೂ ಹೋಯ್ತು. ಈಗ ಹಳೇ_ಸೌದಾ ಅವ್ರು ಹೇಳಿದ್ದನ್ನೇ ನೋಡಿ, ಎಕ್ಸ್‌ಚೇಂಜ್ ಊರಲ್ಲಿ ಯಾಕೆ ಬೇಕಿತ್ತು? ಸುದ್ದಿ ತಡ, ಕಾಗದ ತಡ, ಪರಿಚಯ ಬೇಕು. ಮೂರಕ್ಕೂ ಮೂರೇ ವರ್ಷದಲ್ಲಿ ಔಷಧಿ ಸಿಕ್ಕಿತು. ಇನ್ನು ಕೊಡಿಯಾಲ್‌ಬೈಲಿಗೆ ಯಾಕೆ ಹೋಗುದು?

ಉಳಿದದ್ದು ಬರೀ ಕಾಗದ ಪತ್ರ. 2003ರಲ್ಲಿ ದೇಶವಿಡೀ ಟರ್ಮಿನಲ್ ಇರುವ ಎಕ್ಸ್‌ಚೇಂಜಲ್ಲಿ ಲಿಸ್ಟ್ ಆದ ಕಂಪೆನಿ ಮಂಗಳೂರಿನಂಥ ಪ್ರಾದೇಶಿಕ ಎಕ್ಸ್‌ಚೇಂಜಿಂದ ಸುಲಭವಾಗಿ ಹೊರಗೆ ಹೋಗ್ಬಹುದು ಅಂತ ಆಯ್ತು, ಲಿಸ್ಟಿಂಗ್ ಫೀಯೂ ಹೋಯ್ತು. 2004ರಲ್ಲಿ ಮಂಗಳೂರಿನ ಮಾನ್ಯತೆ ನವೀಕರಿಸ್ಲಿಕ್ಕೆ ಸೆಬಿ ಒಪ್ಪಲಿಲ್ಲ, ಕೇಸು ಆಯ್ತು. 2012 ಮೇ ತಿಂಗಳಲ್ಲಿ ಸೆಬಿ ಸುತ್ತೋಲೆ, ವರ್ಷಕ್ಕೆ 1,000 ಕೋಟಿ ವಹಿವಾಟು ಇಲ್ಲದವ್ರು ಎರಡು ವರ್ಷದಲ್ಲಿ ಸರಿ ಮಾಡ್ಕೊಳ್ಳಿ ಇಲ್ಲಾಂದ್ರೆ ಹೊರಡಿ ಅಂತ. ಹೈದರಾಬಾದ್, ಕೊಯಮತ್ತೂರು 2013ರಲ್ಲಿ ಹೊರಟ್ರು, ಮಂಗಳೂರು 2014 ಮಾರ್ಚ್, ಕೊಚ್ಚಿ ಮತ್ತು ಬೆಂಗಳೂರು ಅದೇ ಡಿಸೆಂಬರ್, ಮದ್ರಾಸ್, ಪುಣೆ 2015. ಕಲ್ಕತ್ತಾದವ್ರು ಕೋರ್ಟು ಮೆಟ್ಟಿಲು ಹತ್ತಿ ಕೂತ್ರು, ಆದ್ರೆ ವ್ಯಾಪಾರ ಅಲ್ಲಿ 2013ರಿಂದಲೇ ನಿಂತಿದೆ.

ಹಳೇ_ಸೌದಾ

ನೀರ್ಚಾಲಿನವ್ರು ಲೆಕ್ಕ ಸರಿಯಾಗಿಯೇ ಹೇಳಿದ್ದಾರೆ, ಆದ್ರೆ ಸ್ವಲ್ಪ ನುಣ್ಣಗೆ ಹೇಳಿದ್ರು. ಒಳಗೆ ಇದ್ದವನಿಗೆ ಅಷ್ಟು ನುಣ್ಣಗೆ ಕಾಣುದಿಲ್ಲ.

ಸ್ಕ್ರೀನ್ ಬಂದದ್ದಕ್ಕೆ ಪ್ರಾದೇಶಿಕದವರು ಸತ್ತದ್ದು ಅಂದ್ರೆ, ಸ್ಕ್ರೀನ್ ಅವ್ರೂ ತಂದ್ರಲ್ಲ. ಕೊಚ್ಚಿಯವರು ತಂದ್ರು, ಬೆಂಗಳೂರಿನವರು ತಂದ್ರು. ನಿಜವಾದ ವಿಷಯ ಏನಂದ್ರೆ ವ್ಯಾಪಾರ ಎಲ್ಲಿ ಹೆಚ್ಚು ಉಂಟೋ ಅಲ್ಲಿಗೇ ಇನ್ನೂ ಹೋಗ್ತದೆ, ತಗೊಳ್ಳುವವ ಮಾರುವವ ಹೆಚ್ಚಿದ್ರೆ ಅಲ್ಲಿ ರೇಟಿನ ನಡುವಿನ ಗ್ಯಾಪ್ ಸಣ್ಣದು, ಗ್ಯಾಪ್ ಸಣ್ಣದಾದ್ರೆ ಇನ್ನೂ ಜನ ಬರ್ತಾರೆ. ನಮ್ಮ ರಿಂಗಿನ ಎದುರಿನ ಬಿಲ್ಡಿಂಗಲ್ಲೇ ಎನ್‌ಎಸ್‌ಇ ಟರ್ಮಿನಲ್ ಬಂದ್ರೆ ಗಿರಾಕಿ ಎಲ್ಲಿಗೆ ಹೋಗ್ತಾನೆ ಹೇಳಿ.

ಇನ್ನೊಂದು ವಿಷಯ, ದುಡ್ಡಿನ ಗ್ಯಾರಂಟಿ. ಇದನ್ನು ಯಾರೂ ಮಾತಾಡುದಿಲ್ಲ. ರಿಂಗಲ್ಲಿ ನೀವು ಯಾರತ್ರ ಸೌದಾ ಮಾಡಿದ್ರೋ ಅವ ದುಡ್ಡು ಕೊಡದಿದ್ರೆ ನಿಮ್ಮ ಹಣೆಬರಹ, ಹೆಚ್ಚಂದ್ರೆ ಸಂಘದವರು ಅವನನ್ನು ಡಿಫಾಲ್ಟರ್ ಅಂತ ಬೋರ್ಡಿಗೆ ಹಾಕ್ತಾರೆ. ಎನ್‌ಎಸ್‌ಇಯವರು 1996ರಿಂದ ನಡುವಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಇಟ್ರು, ಅದು ಇಬ್ರಿಗೂ ಎದುರು ಪಾರ್ಟಿ ಆಗಿ ನಿಲ್ತದೆ, ಆಚೆಯವ ಓಡಿಹೋದ್ರೂ ನಿಮ್ಮ ದುಡ್ಡು ಬರ್ತದೆ. ಇದು ಎಷ್ಟು ದೊಡ್ಡದು ಅಂತ ಗೊತ್ತಾದ್ದು 2001 ಮಾರ್ಚಲ್ಲಿ, ಕೇತನ್ ಪಾರೇಖ್ ಅನ್ನುವ ಬ್ರೋಕರ್ ಶೇರು ರೇಟು ಏರಿಸಿದ ಹಗರಣದ ಗಲಾಟೆಯಲ್ಲಿ ಕಲ್ಕತ್ತಾ ಎಕ್ಸ್‌ಚೇಂಜಲ್ಲಿ ಬ್ರೋಕರುಗಳು ದುಡ್ಡು ಕಟ್ಲಿಕ್ಕೆ ಆಗದೆ ಕೈಯೆತ್ತಿದ್ರು, ಇಡೀ ಎಕ್ಸ್‌ಚೇಂಜೇ ಅಲ್ಲಾಡಿತು. ಒಂದು ಕಾಲಕ್ಕೆ ಅದು ಬಾಂಬೆಗೆ ಸಮನಾಗಿ ನಿಂತದ್ದು.

ಅದೇ ವರ್ಷ ಜುಲೈಯಲ್ಲಿ ಬದಲಾ ನಿಲ್ಲಿಸಿದ್ರು. ಹುಡುಗರಿಗೆ ಗೊತ್ತಿರ್ಲಿಕ್ಕಿಲ್ಲ, ಬದಲಾ ಅಂದ್ರೆ ಇವತ್ತು ಸೆಟ್ಲ್‌ಮೆಂಟು, ಅಂದ್ರೆ ಸೌದಾದ ಲೆಕ್ಕ ಚುಕ್ತಾ ಮಾಡುವ ದಿನ, ನನ್ನತ್ರ ದುಡ್ಡಿಲ್ಲ, ಆದ್ರೆ ಶೇರು ಬಿಡ್ಲಿಕ್ಕೆ ಮನಸ್ಸಿಲ್ಲ, ಹಾಗಾದ್ರೆ ಬಡ್ಡಿ ಕೊಟ್ಟು ಮುಂದಿನ ಸೆಟ್ಲ್‌ಮೆಂಟಿಗೆ ದೂಡುದು. ಅದ್ರ ಮೇಲೆಯೇ ಅರ್ಧ ಮಾರ್ಕೆಟ್ ನಿಂತಿತ್ತು. 93ರ ಕೊನೆಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಟ್ಟಿದ್ರು. ಎಕ್ಸ್‌ಚೇಂಜಿಂದ ಎಕ್ಸ್‌ಚೇಂಜಿಗೆ ಸೆಟ್ಲ್‌ಮೆಂಟ್ ದಿನ ಬೇರೆ ಬೇರೆ, ಬಿಎಸ್‌ಇಯದ್ದು ಶುಕ್ರವಾರ ಮುಗಿದ್ರೆ ಎನ್‌ಎಸ್‌ಇಯದ್ದು ಮಂಗಳವಾರ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ದೂಡ್ತಾ ಕೈಯಲ್ಲಿ ಕಾಸಿಲ್ಲದೆ ತಿಂಗಳು ಕಳೆಯುವವರು ಇದ್ರು. ಪ್ರತಿ ದಿನದ ಸೌದಾ ಇಷ್ಟೇ ದಿನದಲ್ಲಿ ಚುಕ್ತಾ ಆಗ್ಬೇಕು ಅನ್ನುವ ರೋಲಿಂಗ್ ಸೆಟ್ಲ್‌ಮೆಂಟ್ ಬಂದ ಮೇಲೆ ಆ ಆಟ ಮುಗೀತು. 2001ರಲ್ಲಿ ಐದು ದಿನ, 2002ಕ್ಕೆ ಮೂರು, 2003ಕ್ಕೆ ಎರಡು, 2023 ಜನವರಿಯಿಂದ ಎಲ್ಲದಕ್ಕೂ ಒಂದೇ ದಿನ. ನಾನು ನೋಡುವಾಗ ಹದಿನಾಲ್ಕು ದಿನದ ಲೆಕ್ಕ, ಅದೂ ಹೇಳ್ಲಿಕ್ಕೆ ಮಾತ್ರ.

ಬ್ರೋಕರುಗಳು ಬೀದಿಗೆ ಬಿದ್ದದ್ದಲ್ಲ, ಅದನ್ನೂ ಹೇಳ್ಬೇಕು. ಪ್ರಾದೇಶಿಕ ಎಕ್ಸ್‌ಚೇಂಜುಗಳು ಸಬ್ಸಿಡಿಯರಿ ಕಂಪೆನಿ ಮಾಡಿ ಅದ್ರ ಮೂಲಕ ಎನ್‌ಎಸ್‌ಇ, ಬಿಎಸ್‌ಇ ಮೆಂಬರ್ ಆದವು, ಹಳೇ ಮೆಂಬರುಗಳು ಅದ್ರ ಕೆಳಗೆ ಸಬ್‌ಬ್ರೋಕರ್ ಆದ್ರು. ಸ್ವಂತ ಮನೆಯಲ್ಲಿ ಬಾಡಿಗೆಗೆ ಕೂತ ಹಾಗೆ ಅಂತ ನಮ್ಮ ಧಣಿ ನಗ್ತಿದ್ರು. ವ್ಯಾಪಾರ ಮಾತ್ರ ಮೊದಲಿಗಿಂತ ಹೆಚ್ಚೇ ಆಯ್ತು.

ಸೋಲಾಪುರ_ಸಿದ್ದು

ಹಳೇ ಸೌದಾ ಕಾಕಾ, ಭಾರೀ ಹೇಳಿದ್ರಿ. ಒಂದ ಮಾತು, ಬದಲಾ ಹೋದ ಮ್ಯಾಲ ಜೂಜು ಹೋತು ಅಂತ ಯಾರೂ ತಿಳ್ಕೋಬ್ಯಾಡ್ರಿ. ಅದs ಹೊತ್ತಿಗೆ ಮುಂದಿನ ತಾರೀಖಿನ ರೇಟಿನ ಮ್ಯಾಲ ಸೌದಾ ಮಾಡೋ ಫ್ಯೂಚರ್ಸ್, ಆಪ್ಷನ್ಸ್ ಬಂದ್ವು, ನಮ್ಮ ಓಣಿ ಹುಡುಗ್ರು ಈಗ ಅದ್ರಾಗ ಬಿದ್ದಾರ. ಬಾಗ್ಲಾ ಬದ್ಲಾಗೈತಿ ಅಷ್ಟs.

ಪೆರ್ಲದಕ್ಕ

ಇತಿಹಾಸ ಎಲ್ಲ ಚಂದ ಉಂಟು, ಆದ್ರೆ ಬದಿಯಡ್ಕದ ತಮ್ಮಾ, ಆ ಕಟ್ಟಲ್ಲಿ ಬರೀ ಫಾರಂ ಅಲ್ಲದೆ ಶೇರು ಸರ್ಟಿಫಿಕೇಟ್ ಏನಾದ್ರೂ ಇದ್ರೆ ಬಿಸಾಡ್ಬೇಡ. 2019 ಏಪ್ರಿಲ್‌ನಿಂದ ಕಾಗದದ ಶೇರು ಬೇರೆಯವರಿಗೆ ಮಾರಿ ಟ್ರಾನ್ಸ್‌ಫರ್ ಮಾಡ್ಲಿಕ್ಕೆ ಆಗುದಿಲ್ಲ, ಆದ್ರೆ ಹೆಸರಿನವರು ಡಿಮ್ಯಾಟ್ ಮಾಡ್ಬಹುದು, ಅಂದ್ರೆ ಕಂಪ್ಯೂಟರ್ ಖಾತೆಗೆ ಹಾಕ್ಬಹುದು, ಅವ್ರು ತೀರಿಕೊಂಡಿದ್ರೆ ವಾರಸುದಾರರ ಹೆಸರಿಗೆ ಬರ್ತದೆ. ಏಳು ವರ್ಷ ಡಿವಿಡೆಂಡ್ ತಗೊಳ್ಳದಿದ್ರೆ ಶೇರು ಸಮೇತ ಸರ್ಕಾರದ ಐಇಪಿಎಫ್ ಫಂಡಿಗೆ ಹೋಗಿರ್ತದೆ, ಅಲ್ಲಿಂದ ವಾಪಾಸು ಕೇಳುವ ಫಾರಂ ಉಂಟು. ನಮ್ಮ ಮನೆಯಲ್ಲಿ ಮಾವನವರದ್ದು ಹೀಗೇ ಸಿಕ್ಕಿತು, ಓಡಾಟ ಸಾಕೋ ಸಾಕು ಆಯ್ತು, ಆದ್ರೂ ಸಿಕ್ಕಿತು. ಕಂಪೆನಿ ಹೆಸರು ಬದ್ಲಾಗಿರ್ಬಹುದು, ಬೇರೆ ಕಂಪೆನಿಗೆ ಸೇರಿರ್ಬಹುದು, ಹೆಸರು ಕಾಣುದಿಲ್ಲ ಅಂತ ಕೂಡ್ಲೆ ಸತ್ತಿದೆ ಅಂತ ಲೆಕ್ಕ ಹಾಕ್ಬೇಡ.

ಬದಿಯಡ್ಕ_ಬೈಲು

ಆಯ್ತು ಅಕ್ಕ, ನೋಡ್ತೇನೆ. ಇನ್ನೊಂದೇ ಪ್ರಶ್ನೆ. ಮಂಗಳೂರಲ್ಲಿ ಮಾತ್ರ ಲಿಸ್ಟಾಗಿದ್ದ, ಬಾಂಬೆಗೆ ಹೋಗದ ಸಣ್ಣ ಕಂಪೆನಿಗಳ ಶೇರು ಇಟ್ಕೊಂಡವರು 2014ರ ನಂತ್ರ ಎಂಥ ಮಾಡಿದ್ರು?

ನೀರ್ಚಾಲು_ಲೆಕ್ಕ

ಒಳ್ಳೆ ಪ್ರಶ್ನೆ, ಇದಕ್ಕೆ ನನ್ನತ್ರ ಒಳ್ಳೆ ಉತ್ತರ ಇಲ್ಲ. ಕಾನೂನು ಪ್ರಕಾರ ಆ ಕಂಪೆನಿಗಳನ್ನು ಎನ್‌ಎಸ್‌ಇ ಅಥವಾ ಬಿಎಸ್‌ಇಯ ಡಿಸೆಮಿನೇಷನ್ ಬೋರ್ಡ್ ಅನ್ನುವಲ್ಲಿಗೆ ದೂಡಿದ್ರು. ಅದು ಎಕ್ಸ್‌ಚೇಂಜ್ ಅಲ್ಲ, ಒಂದು ನೋಟಿಸ್ ಬೋರ್ಡ್ ಅಷ್ಟೆ, ನನ್ನತ್ರ ಇಷ್ಟು ಶೇರುಂಟು, ಇಷ್ಟಕ್ಕೆ ಕೊಡ್ತೇನೆ ಅಂತ ಹಾಕ್ಬಹುದು. ಆಮೇಲೆ ಸೆಬಿ ಆ ಕಂಪೆನಿಗಳಿಗೆ ಹೇಳಿತು, ಒಂದೋ ದೊಡ್ಡ ಎಕ್ಸ್‌ಚೇಂಜಲ್ಲಿ ಲಿಸ್ಟ್ ಮಾಡಿ, ಇಲ್ಲ ಕಂಪೆನಿ ಹುಟ್ಟುಹಾಕಿದ ಪ್ರಮೋಟರು ಶೇರುದಾರರಿಗೆ ದುಡ್ಡು ಕೊಟ್ಟು ಬಿಡಿಸಿ ಅಂತ.

ಇಲ್ಲಿ 92ರ ನಂತ್ರದ ಕತೆಯೂ ಸೇರ್ತದೆ. ಕಂಟ್ರೋಲರ್ ಹೋದ ಮೇಲೆ ಯಾರು ಬೇಕಾದ್ರೂ ಎಷ್ಟಕ್ಕೆ ಬೇಕಾದ್ರೂ ಶೇರು ಮಾರ್ಬಹುದು ಅಂತ ಆಯ್ತು, 94ರಿಂದ 96ರ ತನಕ ಸಾವಿರಾರು ಕಂಪೆನಿ ದುಡ್ಡೆತ್ತಿದವು. ಆ ಕಾಲದಲ್ಲಿ ಒಳ್ಳೆಯದನ್ನು ಜನ ಗುರುತಿಸಿದ್ದೂ ಇಲ್ಲ, 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಕೊಟ್ಟಾಗ ತಗೊಳ್ಳುವವರು ಸಾಕಾಗ್ಲಿಲ್ಲ, ಮಾರ್ಗನ್ ಸ್ಟಾನ್ಲಿಯವರು ಬಂದು ತಗೊಂಡ್ರು, ಲಿಸ್ಟ್ ಆದ ದಿನ 145. ಅದೇ ಹೊತ್ತಿಗೆ ಸಾಗುವಾನಿ ತೋಟ, ಸಿಗಡಿ ಕೆರೆ, ಹೂವಿನ ರಫ್ತು ಅಂತ ಹೇಳಿದವರಿಗೆ ಕ್ಯೂ. ಆಮೇಲೆ ಆಫೀಸೂ ಇಲ್ಲ ಡೈರೆಕ್ಟರೂ ಇಲ್ಲ. ಸರ್ಕಾರವೇ ಅವಕ್ಕೆ ಕಣ್ಮರೆಯಾದ ಕಂಪೆನಿಗಳು ಅಂತ ಪಟ್ಟಿ ಮಾಡಿತು. ಇಂಥವನ್ನು ಲಿಸ್ಟ್ ಮಾಡಿದ್ರಲ್ಲಿ ಪ್ರಾದೇಶಿಕ ಎಕ್ಸ್‌ಚೇಂಜುಗಳ ಪಾಲು ಸಣ್ಣದಲ್ಲ, ಲಿಸ್ಟಿಂಗ್ ಫೀ ಬರ್ತದಲ್ಲ.

ಹಳೇ_ಸೌದಾ

ಅದು ನಿಜ, ಅದಕ್ಕೆ ನಾನು ಎದುರು ಮಾತಾಡುದಿಲ್ಲ. ಫೀ ಬರುವಾಗ ಯಾರೂ ಡೈರೆಕ್ಟರ್ ಮನೆ ಎಲ್ಲುಂಟು ಅಂತ ನೋಡ್ಲಿಕ್ಕೆ ಹೋಗ್ಲಿಲ್ಲ.

ಆದ್ರೆ ಎರಡು ಜಾತಿ ಉಂಟು. ಓಡಿ ಹೋದವ್ರದ್ದು ಬಿಡಿ. ಊರಲ್ಲೇ ಇದ್ದು ಮರ್ಯಾದಿಯಿಂದ ಹೆಂಚೋ ಗೇರುಬೀಜವೋ ಮಾಡ್ತಾ ವರ್ಷ ವರ್ಷ ಡಿವಿಡೆಂಡ್ ಕೊಟ್ಟ ಸಣ್ಣ ಕಂಪೆನಿಗಳೂ ಇದ್ವಲ್ಲ, ಅವುಗಳ ಶೇರಿಗೆ ರಿಂಗಲ್ಲಿ ಜಾಬರ್ ಅಂತ ಒಬ್ಬ ಇರ್ತಿದ್ದ. ದಿನಾ ಎರಡು ರೇಟು ಹೇಳ್ತಿದ್ದ, ಇಷ್ಟಕ್ಕೆ ತಗೊಳ್ತೇನೆ, ಇಷ್ಟಕ್ಕೆ ಕೊಡ್ತೇನೆ. ನಡುವಿನ ಗ್ಯಾಪ್ ದೊಡ್ಡದೇ, ಅವ ಲಾಭಕ್ಕೇ ಕೂತದ್ದು, ಆದ್ರೆ ಮಗಳ ಮದುವೆಗೆ ಅಂತ 50 ಶೇರು ಹಿಡ್ಕೊಂಡು ಬಂದವನನ್ನು ಬರೀ ಕೈಯಲ್ಲಿ ಕಳಿಸ್ತಿರ್ಲಿಲ್ಲ. ಈಗ ಸ್ಕ್ರೀನಲ್ಲಿ ಅಂಥ ಶೇರು ತೆಗೆದು ನೋಡಿ, ಮಾರುವವರ ಸಾಲಲ್ಲಿ ನಾಲ್ಕು ಆರ್ಡರ್, ತಗೊಳ್ಳುವವರ ಸಾಲಲ್ಲಿ ಸೊನ್ನೆ. ಪ್ರಮೋಟರ್ ಬಿಡಿಸ್ಬೇಕು ಅಂತ ಸೆಬಿ ಹೇಳಿದ ರೇಟು ಯಾರು ಕಟ್ಟಿದ್ದು? ಕಂಪೆನಿಯವರೇ ನೇಮಿಸಿದ ವ್ಯಾಲ್ಯುಯರ್. ನಮ್ಮ ಕೆಲವು ಗಿರಾಕಿಗಳು ಅದು ಕಡಿಮೆ ಅಂತ ಕಾಗದ ಬರ್ದು ಬರ್ದು ಸೋತ್ರು, ಕೆಲವರು ಬಂದಷ್ಟು ಬರ್ಲಿ ಅಂತ ತಗೊಂಡ್ರು, ಇನ್ನು ಕೆಲವರು ಸರ್ಟಿಫಿಕೇಟನ್ನು ಹಾಗೇ ಕಪಾಟಲ್ಲಿ ಇಟ್ಟಿದ್ದಾರೆ.

ನಿಮ್ಮ ಫಾರಂನ ಕಂಪೆನಿ ಯಾವ ಜಾತಿ ಅಂತ ಹೆಸರು ಹೇಳಿದ್ರೆ ಗೊತ್ತಾದೀತು. ಇಲ್ಲಿ ಬೇಡದಿದ್ರೆ ಮೆಸೇಜ್ ಹಾಕಿ.